ಹೆಗಡೆಕಟ್ಟಾಕ್ಕೆ ಬಂದ ಪುಟ್ಟ ಬೈಕು

ಹೆಗಡೆಕಟ್ಟಾ ಶಿರಸಿ ತಾಲ್ಲೂಕಿನ ಊರು. ತಗ್ಗಿನಲ್ಲಿ ಅಡಿಕೆ ತೋಟ, ಅದರ ಮೇಲೆ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಸಪಾಟು ಜಾಗವೆಂದರೆ ಅಡಿಕೆ ಒಣಗಿಸುವ ಅಂಗಳ ಒಂದೇ. ಇಲ್ಲಿ ಸೈಕಲ್ ಕಲಿತ ಮಕ್ಕಳಿಗೆ ಏರು, ಇಳುಕಲು, ಕೆಂಪು ಮಣ್ಣು ಯಾವುದೂ ಹೊಸದಲ್ಲ.

ನನ್ನ ಮೊಮ್ಮಗಳಿಗೆ ಹತ್ತು ವರ್ಷ. 2019ರಲ್ಲಿ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಬೆಂಗಳೂರಿನ ಐಶ್ವರ್ಯ ಪಿಸ್ಸೆಯ ಚಿತ್ರ ಅವಳ ಕೋಣೆಯ ಗೋಡೆಯಲ್ಲಿದೆ. ಅವಳಿಗೆ ಬೇಕಾದದ್ದು ಮೋಟೊಕ್ರಾಸ್ ಬೈಕು; ಅಂದರೆ ಮಣ್ಣಿನ ದಿಬ್ಬ ಹಾರುತ್ತ ಸುತ್ತು ಹಾಕುವ ಓಟದ ಬೈಕು.

“ಮಾವ, ಕೂಸಿನ ಕೈಕಾಲು ಮುರದ್ರೆ ಎಂತ ಮಾಡದು?” ಎಂದಳು ಸೊಸೆ. ಕೇಳಬೇಕಾದ ಪ್ರಶ್ನೆಯೇ. ಹೆಲ್ಮೆಟ್, ಎದೆಕವಚ, ಮೊಣಕಾಲು ಕವಚ, ಉದ್ದನೆಯ ಬೂಟು ಮೊದಲು, ಬೈಕು ಆಮೇಲೆ ಎಂದು ಒಪ್ಪಂದವಾಯಿತು. ಅವು ಮಾತ್ರ ಹೊಸವೇ ಆಗಬೇಕು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಲ ಕಳೆದುಕೊಂಡಿರುತ್ತದೆ.

ಬೈಕು ಹಳೆಯದಾದರೆ ಸಾಕು. ಶಾಲೆಯ ಯೂನಿಫಾರ್ಮಿನಂತೆ ಇದೂ ಎರಡು ಮೂರು ವರ್ಷಕ್ಕೆ ಗಿಡ್ಡವಾಗುತ್ತದೆ. ತೀರ ಚಿಕ್ಕವರಿಗೆ ಗೇರಿಲ್ಲದ 50 ಸಿಸಿ, ನಮ್ಮವಳಂಥವರಿಗೆ ಗೇರು, ಕ್ಲಚ್ ಇರುವ 65 ಸಿಸಿ, ಇನ್ನೂ ಬೆಳೆದವರಿಗೆ 85 ಸಿಸಿ.

ಶಿರಸಿಯಲ್ಲಿ ಇಂಥದ್ದು ಸಿಗಲಿಲ್ಲ. ಪರಿಚಯದ ಗ್ಯಾರೇಜ್ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ಆ ಊರಿಗೂ ಈ ಆಟಕ್ಕೂ ನಂಟಿದೆ. 2015ರಲ್ಲಿ ಕಷ್ಟದ ಡಕಾರ್ ರ್‍ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರೇ. ಮಣ್ಣಿನ ಹಾದಿಯ ಸವಾರಿಗೆಂದು ಕೋಲಾರದ ಕಡೆ ಅವರು ಬಿಗ್ ರಾಕ್ ಎಂಬ ತಾಣವನ್ನೇ ಕಟ್ಟಿದ್ದಾರೆ.

ಮೊದಲು ನೋಡಿದ ಬೈಕು ಫಳಫಳ ಹೊಳೆಯುತ್ತಿತ್ತು. ಮೊಮ್ಮಗಳು ಹತ್ತಿ ಕುಳಿತು, “ಅಜ್ಜಾ, ಎರಡೂ ಕಾಲು ನೆಲಕ್ಕೆ ಮುಟ್ತು!” ಎಂದು ಕೂಗಿದಳು. ಮೇಸ್ತ್ರಿ ಮಾತಾಡದೆ ಎಂಜಿನ್ ಹತ್ತಿರ ಕೈ ಹಿಡಿದ. ಬಿಸಿಯಿತ್ತು. ನಾವು ಬರುವ ಮೊದಲೇ ಓಡಿಸಿಟ್ಟಿದ್ದರು. ತಣ್ಣಗಿದ್ದಾಗ ಅದು ಹೇಗೆ ಶುರುವಾಗುತ್ತದೆ ಎಂಬುದು ಇನ್ನು ತಿಳಿಯುವಂತಿರಲಿಲ್ಲ. ಕಾಲಿಡುವ ಜಾಗದ ಕೆಳಗೆ ಚೌಕಟ್ಟಿಗೆ ಬೆಸುಗೆ ಹಾಕಿ, ಮೇಲೆ ಬಣ್ಣ ಬಳಿದಿತ್ತು. ಹಾರಿ ಬೀಳುವಾಗ ಭಾರವೆಲ್ಲ ಬರುವುದು ಅಲ್ಲಿಗೇ. ಬೇಡವೆಂದೆವು. ಕೂಸಿನ ಕಣ್ಣು ತುಂಬಿ ಬಂತು. ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮರುದಿನ ಒಂದು ಮನೆಗೆ ಹೋದೆವು. ಆ ಮನೆಯ ಹುಡುಗ ಬೈಕಿಗಿಂತ ಎತ್ತರ ಬೆಳೆದಿದ್ದ. ಪ್ಲಾಸ್ಟಿಕ್ ತುಂಬ ಗೀರು, ಸೀಟು ಹರಿದಿತ್ತು. ಮೇಸ್ತ್ರಿ ಏರ್ ಫಿಲ್ಟರ್ ಬಿಚ್ಚಿದ, ಒಳಗೆ ಧೂಳಿರಲಿಲ್ಲ. ಚಕ್ರ ಅಲ್ಲಾಡಿಸಿದ, ಕಡ್ಡಿಗಳನ್ನು ಒಂದೊಂದಾಗಿ ಒತ್ತಿದ, ಮುಂದಿನ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಿದ. ತಣ್ಣಗಿದ್ದ ಎಂಜಿನ್ ಮೂರನೇ ಒದೆತಕ್ಕೆ ಎದ್ದಿತು. ಆ ಹುಡುಗನ ತಾಯಿ ಒಂದು ನೋಟ್‌ಬುಕ್ ತಂದುಕೊಟ್ಟರು. ಎಷ್ಟು ಗಂಟೆ ಓಡಿತು, ಪಿಸ್ಟನ್ ಯಾವಾಗ ಬದಲಾಯಿತು, ಎಲ್ಲ ಬರೆದಿತ್ತು. ಇಂಥ ಎಂಜಿನ್ನಿನ ವಯಸ್ಸನ್ನು ಗಂಟೆಯಲ್ಲೇ ಲೆಕ್ಕ ಹಾಕುತ್ತಾರೆ. ಹೊರದೇಶದಿಂದ ತರಿಸಿದ ಕಾಗದಪತ್ರದ ಸಂಖ್ಯೆಯೂ ಚೌಕಟ್ಟಿನ ಸಂಖ್ಯೆಯೂ ಒಂದೇ ಇದ್ದವು. ಅಡಿಕೆ ಮಾರಿದ ಹಣ ಎಣಿಸಿಕೊಟ್ಟೆ.

ಮಕ್ಕಳೇ, ಈ ಬೈಕಿಗೆ ಹೆಡ್‌ಲೈಟಿಲ್ಲ, ನಂಬರ್ ಪ್ಲೇಟಿಲ್ಲ. ರಸ್ತೆಗೆ ಇಳಿಸುವಂತೆಯೇ ಇಲ್ಲ. ಅಜ್ಜ ಅಜ್ಜಿಯರಿಗೂ ಒಂದು ಮಾತು: ಮಕ್ಕಳು ರಸ್ತೆಯಲ್ಲಿ ಮೋಟಾರು ವಾಹನ ಓಡಿಸಿ ತಪ್ಪು ಮಾಡಿದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ನಮ್ಮವಳು ಓಡಿಸುವುದು ಮನೆಯ ಮೇಲಿನ ನಮ್ಮದೇ ಬೇಣದಲ್ಲಿ. ಮಳೆಗಾಲದಲ್ಲಿ ಇಲ್ಲ, ಪರೀಕ್ಷೆಯಿದ್ದಾಗ ಇಲ್ಲ, ಪಕ್ಕದ ಮನೆಯ ಅಜ್ಜಿ ಮಲಗುವ ಹೊತ್ತಿನಲ್ಲೂ ಇಲ್ಲ. ಭಾನುವಾರ ಅವಳು ಸುತ್ತು ಮುಗಿಸಿ ಇಳಿದ ಮೇಲೆ ಆ ನೋಟ್‌ಬುಕ್ಕಿನಲ್ಲಿ ಸಮಯ ಬರೆದಿಡುವವಳು ನನ್ನ ಸೊಸೆ.