ಸರಿಸಾಲಿಗೆ ಒಗ್ಗದ ಸಂಖ್ಯೆ

ತಿಕೋಟಾ, ಬಬಲೇಶ್ವರಗಳ ಕಡೆಗೆ ಹೋದವರು ಅಲ್ಲಿನ ದ್ರಾಕ್ಷಿ ತೋಟಗಳನ್ನು ಕಂಡೇ ಇರುತ್ತೀರಿ. 91 ದ್ರಾಕ್ಷಿ ಪೆಟ್ಟಿಗೆಗಳನ್ನು ಸಮನಾದ ಸಾಲುಗಳಲ್ಲಿ ಇಡಬೇಕೆಂದು ಭಾವಿಸಿರಿ. ಸಾಲಿಗೆ 13ರಂತೆ 7 ಸಾಲುಗಳಾಗುತ್ತವೆ. ಪೆಟ್ಟಿಗೆಗಳು 97 ಆದರೆ ಒಂದೇ ಉದ್ದ ಸಾಲನ್ನು ಬಿಟ್ಟು ಬೇರೆ ದಾರಿಯಿಲ್ಲ. ಇಂತಹ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. ನೋಟಕ್ಕೆ 91, 97 ಎರಡೂ ಒಂದೇ ತೆರನಾಗಿವೆ. ಭಾಗಿಸಿ ನೋಡಿದ ಹೊರತು ಭೇದ ತಿಳಿಯದು.

ಈ ಮಾತು ದೊಡ್ಡ ಸಂಖ್ಯೆಗಳಿಗೆ ಇನ್ನಷ್ಟು ಸಲ್ಲುತ್ತದೆ. ಮೂರು ಎರಡುಗಳನ್ನು ಗುಣಿಸಿ ಒಂದನ್ನು ಕಳೆದರೆ 7, ಐದು ಎರಡುಗಳಿಂದ 31, ಏಳರಿಂದ 127. ಎಲ್ಲವೂ ಅವಿಭಾಜ್ಯಗಳೇ. ಹಾಗಾದರೆ ಹನ್ನೊಂದರಿಂದಲೂ ಅವಿಭಾಜ್ಯವೇ ಬಂದೀತೆಂದು ಮನಸ್ಸು ಹೇಳುತ್ತದೆ. ಆದರೆ ಬರುವ 2047, 23 ಮತ್ತು 89ರ ಗುಣಲಬ್ಧ.

ಈ ಬಗೆಯ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಮರಾನ್ ಮರ್ಸೆನ್ ಫ್ರಾನ್ಸಿನ ಮಿನಿಮ್ ಸಭೆಯ ಗುರುಗಳು. ನಮ್ಮ ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹ ವಿಜಯಪುರವನ್ನು ಆಳುತ್ತಿದ್ದ ಕಾಲದಲ್ಲಿ, ಅವರು ಪ್ಯಾರಿಸ್ಸಿನಲ್ಲಿ ಪ್ರತಿಧ್ವನಿಯಿಂದ ಶಬ್ದದ ವೇಗವನ್ನು ಅಳೆಯುತ್ತಿದ್ದರು. 1644ರಲ್ಲಿ ಅವರು ಒಂದು ಪಟ್ಟಿ ಪ್ರಕಟಿಸಿ, 257 ಎರಡುಗಳವರೆಗೆ ಅವಿಭಾಜ್ಯ ಕೊಡುವ ಎಣಿಕೆಗಳು ಇವೇ ಎಂದರು. ಅದರಲ್ಲಿ 67 ಇತ್ತು. 1876ರಲ್ಲಿ ಲ್ಯೂಕಾಸ್ ಎಂಬ ಗಣಿತಜ್ಞ ಅದು ಸರಿಯಲ್ಲವೆಂದು ತೋರಿಸಿದರು. 1903ರಲ್ಲಿ ಫ್ರಾಂಕ್ ಕೋಲ್ ಆ 21 ಅಂಕಿಗಳ ಸಂಖ್ಯೆಯ ಅಪವರ್ತನಗಳನ್ನೇ ಮುಂದಿಟ್ಟರು: 193707721 ಮತ್ತು 761838257287. 1947ರ ಹೊತ್ತಿಗೆ ಪಟ್ಟಿಯ ಪರಿಶೀಲನೆ ಮುಗಿದಾಗ ಎರಡು ತಪ್ಪು ಸೇರ್ಪಡೆಗಳು, ಮೂರು ಬಿಟ್ಟುಹೋದವುಗಳು ಕಂಡುಬಂದವು.

ಆದರೂ ತಿದ್ದಿದವರು ಮರ್ಸೆನರ ಹೆಸರನ್ನು ಅಳಿಸಲಿಲ್ಲ. ನನ್ನನ್ನು ಬಹಳವಾಗಿ ತಟ್ಟುವುದು ಇದೇ. 2024ರಲ್ಲಿ ಲ್ಯೂಕ್ ಡ್ಯುರಾಂಟ್ ಎಂಬವರು ಕಂಡುಹಿಡಿದ ಬೃಹತ್ ಅವಿಭಾಜ್ಯಕ್ಕೂ ಮರ್ಸೆನರ ಹೆಸರೇ ಇದೆ. 13,62,79,841 ಎರಡುಗಳನ್ನು ಗುಣಿಸಿ ಒಂದನ್ನು ಕಳೆದರೆ ಬರುವ ಈ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ ಐದು ಸಾವಿರ ಅಂಕಿಗಳಂತೆ ಮುದ್ರಿಸಿದರೂ ಎಂಟು ಸಾವಿರಕ್ಕೂ ಹೆಚ್ಚು ಪುಟಗಳು ಬೇಕು. ಕಂಪ್ಯೂಟರಿನ ಎರಡಂಕಿ ಲಿಪಿಯಲ್ಲಿ ಬರೆದರೆ ಮಾತ್ರ ಆದಿಯಿಂದ ಅಂತ್ಯದವರೆಗೆ ಬರಿಯ ಒಂದುಗಳೇ. ಇದನ್ನೂ ಒಬ್ಬರ ಮಾತಿನ ಮೇಲೆ ಯಾರೂ ಒಪ್ಪಲಿಲ್ಲ. ಬೇರೆ ಯಂತ್ರಗಳಲ್ಲಿ, ಬೇರೆ ಕ್ರಮವಿಧಿಗಳಿಂದ ಮತ್ತೆ ಪರೀಕ್ಷಿಸಿದ ಮೇಲೆಯೇ ಸಾರಿದರು.

ನಿಮ್ಮ ಮಗ ಅಥವಾ ಮಗಳು ಪಾಠದ ಪುಸ್ತಕ ಹಿಡಿದು, "ಇದು ನಿಜವೆಂದು ಹೇಗೆ ಗೊತ್ತು?" ಎಂದು ಕೇಳಿದರೆ, ದೊಡ್ಡವರು ಹೇಳಿದ್ದಾರೆ ಎಂದು ಬಾಯಿ ಮುಚ್ಚಿಸಬೇಡಿರಿ. ಜೊತೆಗೆ ಕುಳಿತು ಭಾಗಿಸಿ ನೋಡಿರಿ. ಪರೀಕ್ಷಿಸುವುದು ಹಿರಿಯರಿಗೆ ಮಾಡುವ ಅಗೌರವವಲ್ಲ. ಅವರು ಆರಂಭಿಸಿದ ಕೆಲಸವನ್ನು ಮುಂದುವರಿಸುವ ಬಗೆ.