ವಡಾ ಬೇರೆ, ಪಾವ್ ಬೇರೆ

ನಮ್ಮ ಡೊಂಬಿವಲಿಯ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ: "ಇವೆರಡಕ್ಕೂ ನಡುವೆ ಜಾಲರಿ ಯಾಕೆ? ಒಟ್ಟಿಗೆ ಬಿಡಬಹುದಲ್ಲ?" ಇವೆರಡು ಅಂದರೆ ಎರಡು ಗಿನಿಪಿಗ್‌ಗಳು. ಎರಡೂ ಗಂಡು, ಒಂದೇ ತಾಯಿಯ ಮರಿಗಳು. ಮಗಳು ಇಟ್ಟ ಹೆಸರು ವಡಾ ಮತ್ತು ಪಾವ್. ಅವಳೀಗ ಕೆಲಸ ಸಿಕ್ಕಿ ಬೆಂಗಳೂರಿನಲ್ಲಿದ್ದಾಳೆ (ನಾವು ಊರು ಬಿಟ್ಟು ಇಲ್ಲಿಗೆ ಬಂದೆವು, ಮಕ್ಕಳು ಇಲ್ಲಿಂದ ಅಲ್ಲಿಗೆ!). ಇವು ನಮ್ಮ ಪಾಲಿಗೆ ಉಳಿದವು.

ಊರಿಂದ ಬಂದಿದ್ದ ಅಮ್ಮ ಮೊದಲ ಸಲ ನೋಡಿ, "ಇದೆಂತದಾ, ಬಾಲ ಇಲ್ಲದ ಹೆಗ್ಗಣ?" ಎಂದಿದ್ದರು. ಅಮ್ಮನೇ ಹೆಚ್ಚು ಸರಿ. ಹೆಸರಲ್ಲಿ ಪಿಗ್ ಇದ್ದರೂ ಇದು ಹಂದಿಯಲ್ಲ, ಇಲಿ ಅಳಿಲುಗಳ ಬಳಗ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಸಾಕಿದ್ದರು. ಪೆರುವಿನಲ್ಲಿ ಈಗಲೂ ತಿನ್ನುತ್ತಾರೆ. ಈ ವಿಷಯವನ್ನು ನನ್ನವಳ ಎದುರು ಎತ್ತುವಂತಿಲ್ಲ.

ಮೂರು ತಿಂಗಳವರೆಗೆ ಎರಡೂ ಒಂದರ ಮೇಲೊಂದು ಬಿದ್ದು ಮಲಗುತ್ತಿದ್ದವು. ಆಮೇಲೆ ಪ್ರಾಯ ಬಂತು ನೋಡಿ. ವಡಾ ಗುರ್ ಎನ್ನುತ್ತಾ, ಸೊಂಟ ತೂಗುತ್ತಾ ಪಾವ್‌ನ ಸುತ್ತ ನಡೆಯತೊಡಗಿತು, ಥೇಟ್ ಗಲ್ಲಿಯ ದಾದಾನ ಹಾಗೆ. ಅಟ್ಟುವುದು, ಮೇಲೇರುವುದು ಎಲ್ಲ ಗಂಡುಗಳಲ್ಲಿ ಮಾಮೂಲು. ಯಾರು ದೊಡ್ಡವ ಎಂದು ತೀರ್ಮಾನ ಆಗುವವರೆಗೆ ಅದು ನಡೆಯಲೇಬೇಕು. ಪ್ರತಿ ಸಲ ಬಿಡಿಸಿದರೆ ನಾಳೆ ಪುನಃ ಮೊದಲಿನಿಂದ ಶುರು. ಆದರೆ ಹಲ್ಲು ಕಟಕಟ ಎಂದರೆ, ಕತ್ತಿನ ಕೂದಲು ನೆಟ್ಟಗಾದರೆ, ಆಕಳಿಸಿದಂತೆ ಬಾಯಿ ತೆರೆದರೆ ಎಚ್ಚರ. ಅದು ನಿದ್ದೆಯ ಆಕಳಿಕೆ ಅಲ್ಲ ಮಾರಾಯ್ರೆ, ಹಲ್ಲು ತೋರಿಸುವುದು.

ಅಂಗಡಿಯವ ಕೊಟ್ಟಿದ್ದ ಪಂಜರ ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ಎರಡು ಗಂಡುಗಳಿಗೆ ಹತ್ತು ಚದರಡಿಯಾದರೂ ಬೇಕು ಎನ್ನುತ್ತಾರೆ ಬಲ್ಲವರು. ಡೊಂಬಿವಲಿಯ ದರದಲ್ಲಿ ಹತ್ತು ಚದರಡಿ ಎಷ್ಟಾಯಿತು ಎಂದು ಲೆಕ್ಕ ಹಾಕುವ ಧೈರ್ಯ ಬ್ಯಾಂಕಿನವನಾದ ನನಗೂ ಬರಲಿಲ್ಲ! ಅಂತೂ ಟಿವಿ ಸ್ಟ್ಯಾಂಡ್ ಸರಿಸಿ, ಹಾಲಿನ ಗೋಡೆಗುಂಟ ಐದಡಿ ಉದ್ದ, ಎರಡಡಿ ಅಗಲದ ಆವರಣ ಕಟ್ಟಿದೆವು. ಬಟ್ಟಲು ಎರಡು, ನೀರಿನ ಬಾಟಲಿ ಎರಡು, ಗೂಡು ಎರಡು, ಒಂದೊಂದು ಗೂಡಿಗೂ ಎರಡೆರಡು ಬಾಗಿಲು. ಒಂದೇ ಬಾಗಿಲಿದ್ದರೆ ಬಲವಾದದ್ದು ಅಲ್ಲೇ ಕೂತು ಇನ್ನೊಂದನ್ನು ಒಳಗೆ ಸಿಕ್ಕಿಸಿಬಿಡುತ್ತದೆ. ಒಂದು ತಿಂಗಳು ಶಾಂತಿ ಇತ್ತು.

ಮೇ ತಿಂಗಳ ಒಂದು ರಾತ್ರಿ ಹಾಲಿನಿಂದ ಕಿರುಚಾಟ. ಹೋಗಿ ನೋಡಿದರೆ ಎರಡೂ ಒಂದೇ ಚೆಂಡಾಗಿ ಉರುಳುತ್ತಿವೆ. ಇಂಥ ಹೊತ್ತಲ್ಲಿ ಕೈ ಹಾಕಿದರೆ ಬೆರಳೇ ಹೋದೀತು. ಮೇಲೆ ಟವೆಲ್ ಎಸೆದು, ನಡುವೆ ಕಸದ ಮೊರ ತೂರಿಸಿ ಬಿಡಿಸಿದೆ. ಪಾವ್‌ನ ಕಿವಿ ಹರಿದಿತ್ತು, ಬೆನ್ನ ಹಿಂದೆ ರಕ್ತ. ರಾತ್ರಿ ಅದನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬೆಡ್‌ರೂಮಿನಲ್ಲಿ ಇಟ್ಟುಕೊಂಡೆವು. ಬೆಳಿಗ್ಗೆ ನೋಡಿದರೆ ಹುಲ್ಲು ಹಾಕಿದ್ದು ಹಾಕಿದ ಹಾಗೇ ಇದೆ, ಪಾವ್ ಮೂಲೆಯಲ್ಲಿ ಮುದುಡಿ ಕೂತಿದೆ.

ನಾವು ಒಪ್ಪೊತ್ತು ಬಿಟ್ಟರೆ ಪುಣ್ಯ ಬರುತ್ತದೆ. ಗಿನಿಪಿಗ್‌ಗೆ ಹಾಗಲ್ಲ, ಅದರ ಕರುಳು ನಿಲ್ಲದೆ ಕೆಲಸ ಮಾಡುತ್ತಿರಬೇಕು. ಒಂದು ದಿನ ತಿನ್ನದಿದ್ದರೆ ಜೀವಕ್ಕೇ ಅಪಾಯ. ಹತ್ತಿರದಲ್ಲಿ ಕೇಳಿದ ಇಬ್ಬರು ಡಾಕ್ಟರುಗಳೂ ನಾಯಿ ಬೆಕ್ಕು ಮಾತ್ರ ನೋಡುತ್ತೇವೆ ಎಂದರು. ರಜೆ ಹಾಕಿ, ಬುಟ್ಟಿ ಹಿಡಿದು ಠಾಣೆಗೆ ಸ್ಲೋ ಲೋಕಲ್ ಹತ್ತಿದೆ. ದಿವಾ ದಾಟುವಾಗ ಪಕ್ಕದವರು ಇಣುಕಿ, "ಸಸಾ ಆಹೆ ಕಾ?" ಎಂದರು. ಮೊಲ ಅಲ್ಲ ಎಂದು ವಿವರಿಸುವ ಮನಸ್ಸಿರಲಿಲ್ಲ, ಹೌದೆಂದೆ. ಮುಂಬ್ರಾ, ಕಳವಾ ಬರುವವರೆಗೂ ಮುಚ್ಚಳ ಎತ್ತಿ ಎತ್ತಿ ಉಸಿರಾಡುತ್ತಿದೆಯೇ ಎಂದು ನೋಡುತ್ತಲೇ ಇದ್ದೆ.

ಡಾಕ್ಟರು ಗಾಯ ತೊಳೆದು, ನೋವಿನ ಔಷಧಿ ಕೊಟ್ಟು, ಸೂಜಿಯಿಲ್ಲದ ಸಿರಿಂಜಿನಲ್ಲಿ ತಿನ್ನಿಸುವುದು ಹೇಗೆಂದು ತೋರಿಸಿದರು. ಮತ್ತೆ ಹೇಳಿದ್ದು: ರಕ್ತ ಬಂದ ಮೇಲೆ ಒಟ್ಟಿಗೆ ಬಿಡಬೇಡಿ. ಬೇರೆ ಇಡಿ, ಆದರೆ ದೂರ ಇಡಬೇಡಿ. ಇದು ಗುಂಪಿನ ಪ್ರಾಣಿ, ಒಂಟಿಯಾದರೆ ಕೊರಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಂತೂ 2008ರಿಂದ ಒಂಟಿ ಗಿನಿಪಿಗ್ ಸಾಕುವುದೇ ಕಾನೂನಿಗೆ ವಿರುದ್ಧ!

ಆ ಸಂಜೆಯೇ ಆವರಣದ ನಡುವೆ ಜಾಲರಿ ಬಂತು. ಕಣ್ಣು ಸಣ್ಣದಿರಬೇಕು, ಇಲ್ಲದಿದ್ದರೆ ಅದರಲ್ಲೇ ಮೂತಿ ತೂರಿಸಿ ಕಚ್ಚಿಕೊಳ್ಳುತ್ತವೆ. ವಡಾ ಬಂದು ಮೂಸಿ ಹೋಯಿತು. ಹತ್ತು ಗಂಟೆಯ ಹೊತ್ತಿಗೆ ನನ್ನವಳು ಪಿಸುಮಾತಿನಲ್ಲಿ ಕರೆದಳು. ಪಾವ್ ಕೊತ್ತಂಬರಿ ದಂಟು ಜಗಿಯುತ್ತಿತ್ತು. ಜಾಲರಿಯ ಆಚೆ ವಡಾ ಕೂಡ.

ಕೆಳಮನೆಯ ಕಾಕು ಒಂದು ಹೆಣ್ಣು ತಂದುಬಿಡಿ, ತಣ್ಣಗಾಗುತ್ತವೆ ಎಂದರು. ಹೆಣ್ಣಿನ ವಾಸನೆ ಬಂದರೆ ಗಂಡುಗಳ ಜಗಳ ಇಮ್ಮಡಿ. ಮೇಲಾಗಿ ಎರಡು ತಿಂಗಳು ಚಿಲ್ಲರೆಯಲ್ಲಿ ಮರಿ, ಆ ಮರಿಗಳೂ ಒಂದೇ ತಿಂಗಳಿಗೆ ಗಬ್ಬ ನಿಲ್ಲಬಲ್ಲವು. ನಮ್ಮ ಬ್ಯಾಂಕಿನ ಯಾವ ಚಕ್ರಬಡ್ಡಿಯೂ ಇದರ ಮುಂದೆ ನಿಲ್ಲದು. ಬೀಜ ತೆಗೆಸಿದರೂ ಜಗಳ ನಿಲ್ಲುವ ಖಾತ್ರಿಯಿಲ್ಲವಂತೆ.

ಮಗಳಿಗೆ ಹೇಳುವುದೇ ಕಷ್ಟವಾಯಿತು. "ಅಪ್ಪಾ, ಇನ್ನು ಯಾವತ್ತೂ ಒಟ್ಟಿಗೆ ಇರಲ್ವಾ?" ಎಂದು ಫೋನಿನಲ್ಲಿ ಅತ್ತಳು. ಅಮ್ಮ ಮಾತ್ರ, "ಪಾಲಾಯಿತು ಅನ್ನು" ಎಂದು ಸುಮ್ಮನಾದರು. ಅಪ್ಪ, ದೊಡ್ಡಪ್ಪ ಪಾಲಾದಾಗ ಊರಿನ ಮನೆಯ ಅಂಗಳದ ನಡುವೆ ಗೋಡೆ ಎದ್ದಿತ್ತು. ಅಮ್ಮ, ದೊಡ್ಡಮ್ಮ ಅದರ ಮೇಲಿಂದಲೇ ಸಾರಿನ ಪಾತ್ರೆ ದಾಟಿಸುತ್ತಿದ್ದರು.

ಈಗ ಪ್ರತಿ ಭಾನುವಾರ ಅಡಿಗೆಮನೆಯ ತಕ್ಕಡಿಯಲ್ಲಿ ಎರಡರ ತೂಕವನ್ನೂ ನೋಡಿ ಡೈರಿಯಲ್ಲಿ ಬರೆಯುತ್ತೇನೆ, ಏಕೆಂದರೆ ಕಾಯಿಲೆ ಮೊದಲು ಗೊತ್ತಾಗುವುದು ಅಲ್ಲೇ. ಜಗಳದ ವಾರ ಪಾವ್ 730 ಗ್ರಾಂ ಇತ್ತು, ಮೊನ್ನೆ 910. ವಡಾ ಸಾವಿರ ದಾಟಿದೆ, ಅದಕ್ಕೆ ಕ್ಯಾರೆಟ್ ಕಡಿಮೆ ಮಾಡಿದ್ದೇವೆ.