ಹೆರಿಗೆ ಮಾಡಿಸೋರು ಯಾರು? ತಂಗಿಗಾಗಿ ನಾವು ಹುಡುಕಿದ್ದು

"ಈ ಸಲ ಮನೇಲೇ ಹೆರಿಗೆ" ಅಂತ ತಂಗಿ ಏಳನೇ ತಿಂಗಳಲ್ಲೇ ಹೇಳಿಬಿಟ್ಟಳು. ಮೊದಲ ಹೆರಿಗೆ ಆಸ್ಪತ್ರೆಯಲ್ಲಿ ಆಗಿತ್ತು. ನೋವಿಗೆ ಕೂಗಿಕೊಂಡಾಗ ತೊಡೆಗೆ ಬಿದ್ದ ಏಟನ್ನು ಅವಳು ಇನ್ನೂ ಮರೆತಿಲ್ಲ. ಹಾಗಾಗಿ ಅವಳ ಮಾತನ್ನು ನಾವು ತಳ್ಳಿಹಾಕಲಿಲ್ಲ.

ಆದರೆ ಮಾಡಿಸೋರು ಯಾರು? ಅಮ್ಮ ತನ್ನ ತವರಿನ, ಹಳೇಬೀಡಿನ ಹತ್ತಿರದ ಸೂಲಗಿತ್ತಿ ಅಜ್ಜಿಯನ್ನು ಕರೆಸೋಣ ಅಂದರು. ಭಾವ "ಆಶಾ ಬರ್ತಾರಲ್ಲ" ಅಂದರು. ಬೆಂಗಳೂರಿನ ಚಿಕ್ಕಮ್ಮನ ಮಗಳು ಫೋನಲ್ಲಿ "ಡೂಲಾ" ಅಂದಳು. ಎಲ್ಲರೂ ಒಂದೇ ಕೆಲಸದವರು ಅಂದುಕೊಂಡಿದ್ದೆವು. ಅಲ್ಲವಂತೆ.

ಆಶಾ ಕಾರ್ಯಕರ್ತೆ ಹೆರಿಗೆ ಮಾಡಿಸುವವರಲ್ಲ. ತಾಯಿ ಕಾರ್ಡ್ ನೋಡುವುದು, ತಪಾಸಣೆಗೆ ಕಳಿಸುವುದು, ನೋವು ಬಂದಾಗ 108ಕ್ಕೆ ಫೋನ್ ಮಾಡಿ ಜೊತೆಗೆ ಬರುವುದು ಅವರ ಕೆಲಸ. ಡೂಲಾ ಕೂಡ ಧೈರ್ಯ ಹೇಳಿ ಬೆನ್ನು ನೀವುವ ಜೊತೆಗಾರ್ತಿ, ಮಗು ಹಿಡಿಯುವವಳಲ್ಲ.

ಕಲಿತು ಹೆರಿಗೆ ಮಾಡಿಸುವವರು ನಾವು ನರ್ಸಮ್ಮ ಅಂತ ಕರೆಯುವ ಎಎನ್‌ಎಂ ಮತ್ತು ಆಸ್ಪತ್ರೆಯ ಸ್ಟಾಫ್ ನರ್ಸ್. ಎಎನ್‌ಎಂ ಅನ್ನುವುದರ ಕೊನೆಯ 'ಎಂ' ಮಿಡ್‌ವೈಫ್ ಅಂತಲೇ. ಇಷ್ಟು ವರ್ಷ ಆರೋಗ್ಯ ಸುದ್ದಿ ಬರೆದ ನಮಗೂ ಅದು ಹೊಳೆದಿರಲಿಲ್ಲ! ಇವರಲ್ಲದೆ ಇನ್ನೊಂದು ಹೊಸ ವರ್ಗ ಇದೆ. ನರ್ಸಿಂಗ್ ಮುಗಿಸಿದವರಿಗೆ ಮತ್ತೆ 18 ತಿಂಗಳು ಹೆರಿಗೆಯದ್ದೇ ತರಬೇತಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಅದೇ ತಿಂಗಳು 25ಕ್ಕೆ ಪಾವಗಡದ ಸೂಲಗಿತ್ತಿ ನರಸಮ್ಮ ತೀರಿಕೊಂಡರು. ಕಾಸು ಕೇಳದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, ಆ ವರ್ಷವೇ ಪದ್ಮಶ್ರೀ ಪಡೆದಿದ್ದ ಜೀವ.

ಬೇಲೂರು ಕಡೆ ವರದಿಗೆ ಹೋದಾಗ ಪರಿಚಯವಾಗಿದ್ದ ನರ್ಸಮ್ಮ ಒಬ್ಬರನ್ನು ಮನೆಗೆ ಬರ್ತೀರಾ ಅಂತ ಕೇಳಿದೆವು. "ಬಂದು ಏನು ಮಾಡಲಿ? ಮಗು ಹುಟ್ಟಿದ ಒಂದು ನಿಮಿಷದಲ್ಲಿ ಆಕ್ಸಿಟೋಸಿನ್ ಸೂಜಿ ಕೊಡಬಹುದು. ಅದಕ್ಕೂ ರಕ್ತ ನಿಲ್ಲದಿದ್ದರೆ ನಿಮ್ಮ ಮನೇಲಿ ರಕ್ತದ ಬಾಟ್ಲಿ ಇದೆಯಾ?" ಅಂದರು. ಮೊದಲು ಸಿಸೇರಿಯನ್ ಆಗಿದ್ದರೆ, ಬಿಪಿ ಇದ್ದರೆ, ಅವಳಿ ಇದ್ದರೆ, ಮಗು ಅಡ್ಡ ಇದ್ದರೆ, ಹಿಮೋಗ್ಲೋಬಿನ್ 7ಕ್ಕಿಂತ ಕಮ್ಮಿ ಇದ್ದರೆ ಮನೆ ಮಾತೇ ಎತ್ತಬೇಡಿ ಅಂತಲೂ ಹೇಳಿದರು. ಇದ್ಯಾವುದೂ ಇಲ್ಲದವರಿಗೂ ರಕ್ತಸ್ರಾವ ಆಗಬಹುದು, ಮೊದಲೇ ಗೊತ್ತಾಗುವುದಿಲ್ಲ ಅಂದರು.

ಆಮೇಲೆ ಅರಸೀಕೆರೆಯಿಂದ ಜಾವಗಲ್ ದಾಟಿ ಅಜ್ಜಿ ಮನೆಗೆ ಹೋದೆವು. ನಾವೂ ತಂಗಿಯೂ ಹುಟ್ಟಿದ್ದು ಅವರ ಕೈಲೇ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಅಂತ ಹೇಳುವ ಕೈ ಅದು. ರಕ್ತ ನಿಲ್ಲದಿದ್ದರೆ ಏನು ಮಾಡ್ತಿದ್ರಿ ಅಂತ ಕೇಳಿದೆವು. ಅಜ್ಜಿ ಸುಮಾರು ಹೊತ್ತು ಸುಮ್ಮನಿದ್ದರು. "ಒಬ್ಬಳು ಹೋದಳು. ಮಾಸು ಬಿತ್ತು, ಕೂಸು ಅತ್ತಿತು, ಇವಳು ಮಾತಾಡ್ತಾ ಮಾತಾಡ್ತಾನೇ ಬೆಳ್ಳಗಾದಳು. ಗಾಡಿ ಕಟ್ಟೋ ಹೊತ್ತಿಗೆ ಮುಗಿದಿತ್ತು." ತಂಗಿಯ ಹೆರಿಗೆಗೆ ಬರಲಾರೆ ಅಂದರು. ಬೇಜಾರಾಯಿತು, ನಿರಾಳವೂ ಆಯಿತು.

ಆದರೆ ತಂಗಿಗೆ ಬೇಕಿದ್ದದ್ದು ಮನೆಯ ಗೋಡೆಗಳಲ್ಲ, ಬೈಯದ ಒಂದು ಜೀವ. ಹೆರಿಗೆ ಕೋಣೆಗೆ ಹೆತ್ತ ಅನುಭವ ಇರುವ ಒಬ್ಬ ಹೆಂಗಸನ್ನು ಜೊತೆಗೆ ಬಿಡಬೇಕು ಅಂತ 2016ರಲ್ಲೇ ಕೇಂದ್ರ ಆರೋಗ್ಯ ಇಲಾಖೆ ಹೇಳಿದೆ. ಆ ಮಾತು ಹೇಳಿ ಅಜ್ಜಿಯನ್ನು ಒಪ್ಪಿಸಿದೆವು. ಹೆರಿಗೆ ಕೋಣೆಯ ಬಾಗಿಲಲ್ಲೂ ಅದನ್ನೇ ಹೇಳಬೇಕಾಯಿತು, ಎರಡು ಸಲ. ರಾತ್ರಿಯಿಡೀ ಅಜ್ಜಿ ಸೊಂಟ ನೀವಿದರು, ಬೆಳಿಗ್ಗೆ ಸಿಸ್ಟರ್ ಮಗು ಹಿಡಿದರು. ಹೆಣ್ಣು ಕೂಸು.

ಮಾರನೇ ದಿನ ಅಜ್ಜಿಯನ್ನು ಬಸ್ಸಲ್ಲಿ ಕರೆದುಕೊಂಡು ಹೋಗುವಾಗ ಕೇಳಿದರು: "ಕೂಸು ಬಂದ ತಕ್ಷಣ ಅವಳ ತೊಡೆಗೆ ಒಂದು ಸೂಜಿ ಚುಚ್ಚಿದರಲ್ಲ, ಅದಕ್ಕೆಷ್ಟು ದುಡ್ಡು?"

ಸರ್ಕಾರಿ ಆಸ್ಪತ್ರೆ ಅಜ್ಜಿ, ದುಡ್ಡಿಲ್ಲ ಅಂದೆವು.

ಜಾವಗಲ್ ಬರುವ ತನಕ ಅವರು ಕಿಟಕಿ ಆಚೆಗೇ ನೋಡುತ್ತಿದ್ದರು.